ಮರಕ್ಕೆ ಯಾರ ಹೆಸರು?

ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವರಿಗೆ ಒಂದು ಚಾಳಿ ಅಂಟಿಕೊಂಡುಬಿಡುತ್ತದೆ. ಯಾವ ಊರಿಗೆ ಹೋದರೂ, ಗುಡಿ, ಕೆರೆ, ಸೇತುವೆ ಯಾವುದನ್ನು ಕಂಡರೂ, ‘ಮಾಡಿಸಿದವರು ಯಾರು, ಯಾವ ಇಸವಿ’ ಎಂದು ಕಣ್ಣು ಕಲ್ಲಿನ ಮೇಲೆ ಅಕ್ಷರ ಹುಡುಕುತ್ತದೆ. ನಮ್ಮವರು ಇದಕ್ಕೆ ‘ಇಸವಿ ಕಾಯಿಲೆ’ ಎಂದು ಹೆಸರಿಟ್ಟಿದ್ದಾರೆ. ಅಕ್ಷರ ಸಿಕ್ಕಿದರೂ ಅಲ್ಲಿ ಇರುವುದು ದಾನ ಕೊಟ್ಟ ದೊರೆಯ ಹೆಸರು, ಬರೆಸಿದ ದಂಡನಾಯಕನ ಹೆಸರು. ಕಲ್ಲು ಹೊತ್ತವರದು, ಸುಣ್ಣ ಅರೆದವರದು ಇರುವುದಿಲ್ಲ. ಹೋಗಲಿ, ಕಟ್ಟಡಕ್ಕೆ ಕಟ್ಟಿಸಿದವನ ಹೆಸರು ಇದ್ದುಕೊಳ್ಳಲಿ ಎನ್ನೋಣ. ಯಾರೂ ನೆಡದ, ಯಾರೂ ನೀರೆರೆಯದ, ಎರಡು ಸಾವಿರ ವರ್ಷದಿಂದ ತಾನಾಗಿ ಬೆಳೆದು ನಿಂತ ಮರಕ್ಕೆ ಯಾರ ಹೆಸರಿಡಬೇಕು?

ಈ ಪ್ರಶ್ನೆಯನ್ನು ನನ್ನ ತಲೆಗೆ ಹಾಕಿದವಳು ನನ್ನ ಏಳು ವರ್ಷದ ಮೊಮ್ಮಗಳು. ಮಗಳು ಅಳಿಯ ಇರುವುದು ಅಮೆರಿಕದ ಕ್ಯಾಲಿಫೋರ್ನಿಯಾದ ಸನ್ನಿವೇಲ್ ಎಂಬ ಊರಿನಲ್ಲಿ. ಬೇಸಿಗೆ ರಜೆಯಲ್ಲಿ ನಾವಿಬ್ಬರೂ ಅಲ್ಲಿಗೆ ಹೋಗಿದ್ದಾಗ ಅಳಿಯ, “ಅತ್ತೆ, ನಿಮಗೆ ಅಂಗಡಿ ಮಾಳಿಗೆ ತೋರಿಸಿ ಸುಸ್ತು ಮಾಡುವುದಿಲ್ಲ. ಪ್ರಪಂಚದ ದೊಡ್ಡ ಮರ ತೋರಿಸುತ್ತೇನೆ, ನಡೆಯುವುದಕ್ಕೆ ತಯಾರಾಗಿ” ಎಂದರು. ಸೀರೆಯ ಕೆಳಗೆ ಮಗಳ ಬೂಟು ಏರಿಸಿ ನಾನು ತಯಾರಾದೆ. ಮೇ ತಿಂಗಳ ಎರಡನೆಯ ವಾರ, ಚಿತ್ರಾನ್ನ ಮೊಸರನ್ನ ಕಟ್ಟಿಕೊಂಡು, ಐದು ಜನ ಸಿಕೋಯಾ ರಾಷ್ಟ್ರೀಯ ಉದ್ಯಾನಕ್ಕೆ ಹೊರಟೆವು.

ಉದ್ಯಾನ ಎಂದೊಡನೆ ನಮಗೆ ಹೂವಿನ ಪಾತಿ, ಕಾರಂಜಿ ನೆನಪಿಗೆ ಬರುತ್ತದೆ. ಇದು ಹಾಗಲ್ಲ, ದೊಡ್ಡ ಕಾಡು. ಕಿತ್ತಳೆ, ಬಾದಾಮಿ, ದ್ರಾಕ್ಷಿ ತೋಟಗಳ ಬಯಲನ್ನು ಗಂಟೆಗಟ್ಟಲೆ ದಾಟಿದ ಮೇಲೆ ಸಿಯೆರಾ ನೆವಾಡ ಪರ್ವತಗಳು ಎದುರಾಗುತ್ತವೆ. ಅಲ್ಲಿಂದ ಮೇಲಕ್ಕೆ ಆಗುಂಬೆ ಘಾಟಿಯನ್ನು ನೆನಪಿಸುವ ತಿರುವುಗಳು. ಆ ರಸ್ತೆಯ ಹೆಸರು ‘ಜನರಲ್ಸ್ ಹೈವೇ’, ಅಂದರೆ ಸೇನಾಪತಿಗಳ ಹೆದ್ದಾರಿ. ಕಾಡಿಗೂ ಸೇನಾಪತಿಗಳಿಗೂ ಏನು ಸಂಬಂಧ ಎಂದು ನನ್ನ ಇಸವಿ ಕಾಯಿಲೆ ಅಲ್ಲಿಯೇ ಕೆರಳಿತು.

ಏರುದಾರಿಯಲ್ಲಿ ‘ಹಾಸ್ಪಿಟಲ್ ರಾಕ್’ ಎಂಬ ದೊಡ್ಡ ಬಂಡೆ ಸಿಗುತ್ತದೆ. ಅದರ ಮೇಲೆ ಕೆಂಪು ಬಣ್ಣದ ಹಳೆಯ ಚಿತ್ರಗಳಿವೆ. ಎದುರಿನ ಹಾಸುಬಂಡೆಯನ್ನು ಕಂಡು ನಾನು ಅಲ್ಲೇ ಕುಳಿತುಬಿಟ್ಟೆ. ಬಂಡೆಯ ತುಂಬ ಒರಳುಗುಳಿಗಳು. ನಮ್ಮ ಅಜ್ಜಿಯ ಮನೆಯ ಪಡಸಾಲೆಯಲ್ಲಿ ನೆಲಕ್ಕೆ ಹೂತಿದ್ದ ಒರಳಿನ ಹಾಗೆಯೇ, ತಿರುವಿ ತಿರುವಿ ನುಣುಪಾದ ಗುಳಿಗಳು. ಪಾಟ್ವಿಶಾ ಎಂಬ ಬುಡಕಟ್ಟಿನ ಹೆಂಗಸರು ಇಲ್ಲಿ ಕುಳಿತು ಓಕ್ ಮರದ ಕಾಯಿ ಕುಟ್ಟಿ ಹಿಟ್ಟು ಮಾಡುತ್ತಿದ್ದರು. ಆ ಹಿಟ್ಟು ಕಹಿ. ಅದಕ್ಕೆ ಮತ್ತೆ ಮತ್ತೆ ನೀರು ಹಾಯಿಸಿ ಕಹಿ ತೆಗೆದು ಅಂಬಲಿ ಕಾಯಿಸಬೇಕು. ಅಷ್ಟು ಗುಳಿ ಬೀಳಬೇಕಾದರೆ ಎಷ್ಟು ತಲೆಮಾರಿನ ತೋಳುಗಳು ಸವೆದಿರಬೇಕು! 1858ರಲ್ಲಿ ಹೇಲ್ ಥಾರ್ಪ್ ಎಂಬ ಬಿಳಿಯ ದನಗಾಹಿ ಇಲ್ಲಿಗೆ ಬಂದಾಗ ಅವನಿಗೆ ಮೇಲಿನ ಮಹಾವೃಕ್ಷಗಳ ದಾರಿ ತೋರಿಸಿದವರು ಇದೇ ಜನ. ಕೆಲವೇ ವರ್ಷಗಳಲ್ಲಿ ಬಿಳಿಯರ ಜೊತೆ ಬಂದ ಸಿಡುಬು, ದಡಾರಗಳಿಗೆ ಅವರಲ್ಲಿ ಬಹಳ ಮಂದಿ ಬಲಿಯಾದರು. ಉಳಿದವರು ಊರು ಬಿಟ್ಟರು. ಗಾಯಗೊಂಡ ಬಿಳಿಯನೊಬ್ಬನಿಗೆ ಇಲ್ಲಿ ಶುಶ್ರೂಷೆ ನಡೆಯಿತೆಂದು ಬಂಡೆಗೆ ಆಸ್ಪತ್ರೆಯ ಹೆಸರು ಬಂತು. ಹಿಟ್ಟು ಕುಟ್ಟಿದವರ ಗುರುತಾಗಿ ಉಳಿದದ್ದು ಗುಳಿಗಳು ಮಾತ್ರ.

ಮೇಲೆ ತಲುಪಿದಾಗ ಚಳಿ. ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರದ ಜಾಗ ಅದು. ಮರಗಳ ನೆರಳಿನಲ್ಲಿ ಇನ್ನೂ ಕರಗದ ಹಿಮದ ಗುಡ್ಡೆಗಳಿದ್ದವು. ಕಾರಿನಲ್ಲಿ ತಿಂಡಿ ಬಿಡುವಂತಿಲ್ಲ, ಕರಡಿ ಬಾಗಿಲು ಕಿತ್ತು ತಿನ್ನುತ್ತದೆಯಂತೆ. ಅದಕ್ಕೆಂದೇ ಇಟ್ಟ ಕಬ್ಬಿಣದ ಪೆಟ್ಟಿಗೆಯೊಳಗೆ ಚಿತ್ರಾನ್ನ, ಮೊಸರನ್ನ, ನಮ್ಮವರು ತಿಪಟೂರಿನಿಂದ ಹೊತ್ತು ತಂದಿದ್ದ ಕೊಬ್ಬರಿ ಮಿಠಾಯಿ ಎಲ್ಲವನ್ನೂ ಇಟ್ಟು ಕಾಲುದಾರಿ ಹಿಡಿದೆವು. ಅರ್ಧ ಮೈಲಿ ಇಳಿದರೆ ಆ ಮರ.

ಅದನ್ನು ಹೇಗೆ ವರ್ಣಿಸಲಿ? ದಾಲ್ಚಿನ್ನಿ ಬಣ್ಣದ ಒಂದು ಗೋಡೆ ನೆಲದಿಂದ ಎದ್ದು ಆಕಾಶಕ್ಕೆ ಹೋಗಿದೆ. ಎತ್ತರ 275 ಅಡಿ. “ತೆಂಗಿನ ಮರದ ಮೇಲೆ ತೆಂಗಿನ ಮರ ನಾಲ್ಕು ನಿಲ್ಲಿಸಬಹುದು ಕಣೇ” ಎಂದರು ನಮ್ಮವರು. ಅವರ ಅಳತೆ ತೆಂಗು, ನನ್ನದು ಸೀರೆ. ಬುಡದ ಸುತ್ತಳತೆ 102 ಅಡಿಗೂ ಹೆಚ್ಚು. ಆರು ಸೀರೆಗಳನ್ನು ಒಂದಕ್ಕೊಂದು ಗಂಟು ಹಾಕಿದರೆ ಈ ಮರಕ್ಕೆ ಒಂದು ಸುತ್ತು ಬಂದೀತು. ಇದಕ್ಕಿಂತ ಎತ್ತರದ, ಇದಕ್ಕಿಂತ ವಯಸ್ಸಾದ ಮರಗಳು ಪ್ರಪಂಚದಲ್ಲಿವೆ. ಆದರೆ ಒಂದೇ ಕಾಂಡದಲ್ಲಿ ಇಷ್ಟು ಮರ ತುಂಬಿಕೊಂಡದ್ದು, ಸುಮಾರು 52,500 ಘನ ಅಡಿ, ಬೇರೊಂದು ಗೊತ್ತಿಲ್ಲ. ವಯಸ್ಸು ಸುಮಾರು 2,200 ವರ್ಷವೆಂದು ಅಂದಾಜು. ಅಶೋಕನ ಶಾಸನ ನಮ್ಮ ಬ್ರಹ್ಮಗಿರಿಯ ಬಂಡೆಯ ಮೇಲೆ ಇನ್ನೂ ಹೊಸದಾಗಿದ್ದ ಕಾಲದಲ್ಲಿ ಇದು ಸಸಿ.

ಮರದ ಮುಂದೆ ಒಂದು ಹಲಗೆ: ‘ಜನರಲ್ ಶೆರ್ಮನ್’. ಮೊಮ್ಮಗಳು ಅದನ್ನು ಓದಿ, “ಅಜ್ಜಿ, ಈ ಮರ ನೆಟ್ಟಿದ್ದು ಶೆರ್ಮನ್ ತಾತನಾ?” ಎಂದಳು.

ಇಲ್ಲ ಮಗು, ಎಂದು ಶುರು ಮಾಡಿದವಳಿಗೆ ಮುಂದಿನ ಮಾತು ಉದ್ದವಾಗಿಬಿಟ್ಟಿತು. ಶೆರ್ಮನ್ ಅಮೆರಿಕದ ಅಂತರ್ಯುದ್ಧದ ಸೇನಾಪತಿ. 1864ರಲ್ಲಿ ಜಾರ್ಜಿಯಾ ಪ್ರಾಂತವನ್ನು ಉದ್ದಕ್ಕೂ ಹಾಳುಗೆಡವುತ್ತ ಸಮುದ್ರದ ತನಕ ಸೈನ್ಯ ನಡೆಸಿದವನು. ಅವನ ಕೈಕೆಳಗೆ ದುಡಿದಿದ್ದ ಒಬ್ಬ ಸೈನಿಕ 1879ರಲ್ಲಿ ಈ ಮರ ಕಂಡು ಆ ಹೆಸರಿಟ್ಟನೆಂದು ಪ್ರತೀತಿ. ಕೆಲವು ವರ್ಷದ ಮೇಲೆ ಕವಿಯಾ ಎಂಬ ಹೆಸರಿನ ಸಹಕಾರಿ ಬಡಾವಣೆ ಕಟ್ಟಿಕೊಂಡ ಕಾರ್ಮಿಕರು ಇಲ್ಲಿಗೆ ಬಂದರು. ತಮ್ಮ ಕೈಯಿಂದಲೇ ನಾಲ್ಕು ವರ್ಷ ಬೆಟ್ಟ ಕಡಿದು ರಸ್ತೆ ಮಾಡಿದರು. ಅವರು ಇದೇ ಮರವನ್ನು ‘ಕಾರ್ಲ್ ಮಾರ್ಕ್ಸ್ ಮರ’ ಎಂದು ಕರೆದರು! 1890ರಲ್ಲಿ ಸರ್ಕಾರ ಕಾಡನ್ನು ರಾಷ್ಟ್ರೀಯ ಉದ್ಯಾನ ಮಾಡಿತು, ಅವರ ಹಕ್ಕು ಹೋಯಿತು, ಬಡಾವಣೆ ಒಡೆಯಿತು. ಮಾರ್ಕ್ಸ್ ಹೋಗಿ ಶೆರ್ಮನ್ ಉಳಿದ.

ಅಲ್ಲಿಂದ ಮುಂದೆ ಮರಗಳ ನಡುವೆ ಎರಡು ಮೂರು ಮೈಲಿಯ ಸುತ್ತುದಾರಿ. ಒಂದು ಮರ ‘ಅಧ್ಯಕ್ಷ’. ಒಂದು ಗುಂಪು ‘ಸೆನೆಟ್’, ಇನ್ನೊಂದು ಗುಂಪು ‘ಪ್ರತಿನಿಧಿ ಸಭೆ’. ಇನ್ನೊಂದು ಮರ ಮೆಕಿನ್ಲಿ ಎಂಬ ಅಧ್ಯಕ್ಷನ ಹೆಸರಿನದು. ವಿಧಾನಸೌಧದೊಳಗೆ ನಡೆದ ಹಾಗಾಯಿತು. ಮನಸ್ಸಿಗೆ ಹಿತವೆನಿಸಿದ್ದು ಒಂದೇ ಹೆಸರು, ಸಿಕ್ವೋಯಾ. ಚೆರೋಕಿ ಬುಡಕಟ್ಟಿನ ಆತ ತನ್ನ ಭಾಷೆಗೆ ತಾನೇ ಲಿಪಿ ರೂಪಿಸಿ 1821ರಲ್ಲಿ ಜನರ ಕೈಗಿತ್ತವನು. ಈ ಮರಗಳ ಕುಲಕ್ಕೆ ಸಿಕೋಯಾ ಎಂಬ ಹೆಸರು ಬಂದದ್ದು ಆತನಿಂದಲೇ ಎಂದು ಬಹಳ ಜನ ನಂಬುತ್ತಾರೆ. ಅಕ್ಷರ ಕೊಟ್ಟವನ ಹೆಸರು ಒಂದು ಮರಕ್ಕೆ ಸಿಕ್ಕಿತಲ್ಲ ಎಂದು ಮೇಷ್ಟ್ರಗಿತ್ತಿಯಾದ ನನಗೆ ಸಮಾಧಾನ.

ಇಂಗ್ಲೆಂಡಿನವರು ಅದಕ್ಕೂ ಒಪ್ಪಲಿಲ್ಲ. 1853ರಲ್ಲಿ ಬೀಜ ಅಲ್ಲಿಗೆ ಹೋದಾಗ ಜಾನ್ ಲಿಂಡ್ಲಿ ಎಂಬ ಸಸ್ಯಶಾಸ್ತ್ರಜ್ಞ ಇದಕ್ಕೆ ‘ವೆಲಿಂಗ್ಟೋನಿಯಾ’ ಎಂದು ಹೆಸರಿಟ್ಟ. ಹಿಂದಿನ ವರ್ಷ ತೀರಿಕೊಂಡಿದ್ದ ವೆಲಿಂಗ್ಟನ್ ದೊರೆಯ ನೆನಪಿಗೆ! ಈ ವೆಲಿಂಗ್ಟನ್ ಯಾರು ಗೊತ್ತೆ? 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿದ್ದು, ಆಮೇಲೆ ಆ ಕೋಟೆಯ ಆಡಳಿತ ವಹಿಸಿಕೊಂಡು, ಮರುವರ್ಷ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಮುಗಿಸಿದ ಆರ್ಥರ್ ವೆಲ್ಲೆಸ್ಲಿಯೇ ಆತ. ನಾನು ಎಂಟನೆಯ ತರಗತಿಗೆ ಪಾಠ ಮಾಡುವ ಮನುಷ್ಯ ಕ್ಯಾಲಿಫೋರ್ನಿಯಾದ ಕಾಡಿನ ತನಕ ಹಿಂಬಾಲಿಸಿ ಬಂದದ್ದನ್ನು ಹೇಳಿದಾಗ ನಮ್ಮವರು, “ಇನ್ನು ನಿನ್ನನ್ನು ಹಿಡಿಯುವವರಿಲ್ಲ” ಎಂದು ಮುಂದೆ ನಡೆದುಬಿಟ್ಟರು. ಇಂಗ್ಲೆಂಡಿನಲ್ಲಿ ಇಂದಿಗೂ ಈ ಮರವನ್ನು ಆ ಹೆಸರಿನಿಂದಲೇ ಕರೆಯುವವರಿದ್ದಾರೆ.

ಹೆಸರಿಡುವುದರಲ್ಲಿ ತೋರಿದ ಗೌರವವನ್ನು ಮರದ ಮೈಮೇಲೆ ತೋರಿದರೆ? ಆ ಕಥೆ ಕೇಳಿದರೆ ಹೊಟ್ಟೆ ತೊಳಸುತ್ತದೆ. ಈ ಮರಗಳು ತಾವಾಗಿ ಬೆಳೆಯುವುದು ಇದೊಂದೇ ಪರ್ವತಸಾಲಿನ ಪಶ್ಚಿಮದ ಇಳಿಜಾರಿನಲ್ಲಿ, ಎಪ್ಪತ್ತಕ್ಕೂ ಹೆಚ್ಚು ತೋಪುಗಳಲ್ಲಿ. ಇಲ್ಲಿಂದ ದೂರ ಉತ್ತರಕ್ಕೆ ಕ್ಯಾಲವೆರಸ್ ಎಂಬ ತೋಪಿದೆ. 1852ರಲ್ಲಿ ಬೇಟೆಗಾರನೊಬ್ಬ ಅಲ್ಲಿಯ ಮರ ಕಂಡ ಸುದ್ದಿ ಹಬ್ಬಿತು. ಮರುವರ್ಷವೇ ಆ ಮರವನ್ನು 22 ದಿನ ಭೈರಿಗೆಯಿಂದ ಕೊರೆದು ಕೊರೆದು ಉರುಳಿಸಿದರು. ಉಳಿದ ಬೊಡ್ಡೆಯನ್ನು ನುಣುಪು ಮಾಡಿ ಅದರ ಮೇಲೆ ಜನ ಜೋಡಿಜೋಡಿಯಾಗಿ ಕುಣಿದರು.

ಅದೇ ತೋಪಿನಲ್ಲಿ ಇನ್ನೊಂದು ಮರವಿತ್ತು. ಅದನ್ನು ‘ಕಾಡಿನ ತಾಯಿ’ ಎಂದು ಕರೆಯುತ್ತಿದ್ದರು. 1854ರಲ್ಲಿ ಆ ತಾಯಿಗೆ ಅಟ್ಟಣಿಗೆ ಕಟ್ಟಿ, 116 ಅಡಿ ಎತ್ತರದ ತನಕ ತೊಗಟೆ ಸುಲಿದರು. ತುಂಡುಗಳಿಗೆ ಗುರುತು ಹಾಕಿ, ಹಡಗಿನಲ್ಲಿ ಸಾಗಿಸಿ, ಮತ್ತೆ ಜೋಡಿಸಿ ನ್ಯೂಯಾರ್ಕಿನಲ್ಲಿ, ಆಮೇಲೆ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಟಿಕೆಟ್ಟು ಇಟ್ಟು ತೋರಿಸಿದರು. 1866ರಲ್ಲಿ ಅಲ್ಲಿ ಬಿದ್ದ ಬೆಂಕಿಯಲ್ಲಿ ತೊಗಟೆ ಸುಟ್ಟುಹೋಯಿತು. ಇತ್ತ ತೊಗಟೆ ಕಳೆದುಕೊಂಡ ಮರ ನಿಂತಲ್ಲೇ ಒಣಗಿ ಸತ್ತಿತು. ತಾಯಿ ಎಂದು ಕರೆದು ಚರ್ಮ ಸುಲಿಯುವ ವಿದ್ಯೆ ಒಂದು ದೇಶದವರಿಗೆ ಮಾತ್ರ ಗೊತ್ತಿರುವುದಲ್ಲ, ಬಿಡಿ.

ಮರುದಿನ ನಾವು ಪಕ್ಕದ ಕಿಂಗ್ಸ್ ಕ್ಯಾನಿಯನ್ ಉದ್ಯಾನದಲ್ಲಿ ಬೊಡ್ಡೆಗಳ ಬಯಲಿಗೆ ಹೋದೆವು. ಅಲ್ಲಿ 1891ರಲ್ಲಿ ಕಡಿದ ‘ಮಾರ್ಕ್ ಟ್ವೇನ್’ ಮರದ ಬೊಡ್ಡೆ ಇದೆ. 1,300 ವರ್ಷ ದಾಟಿದ್ದ ಅದರ ಬಿಲ್ಲೆಗಳು ನ್ಯೂಯಾರ್ಕ್ ಮತ್ತು ಲಂಡನ್ ವಸ್ತು ಸಂಗ್ರಹಾಲಯಗಳಿಗೆ ಹೋದವು. ಅಲ್ಲಿಗೆ ಹತ್ತಿರದ ಕಾನ್ವರ್ಸ್ ಕಣಿವೆಯಲ್ಲಂತೂ ಕೆಲವೇ ವರ್ಷಗಳಲ್ಲಿ ಸಾವಿರಾರು ಮಹಾವೃಕ್ಷಗಳನ್ನು ಕಡಿದು ಹಾಕಿದರು. ಲಾಭವಾದರೂ ಆಯಿತೆ? ಈ ಮರ ಬಹಳ ಪೆಡಸು. ಬಿದ್ದ ರಭಸಕ್ಕೇ ಚೂರುಚೂರಾಗುತ್ತಿತ್ತು. ಉಳಿದದ್ದನ್ನು ಛಾವಣಿಯ ಹಲಗೆಗೆ, ಬೇಲಿಗೂಟಕ್ಕೆ, ದ್ರಾಕ್ಷಿ ಬಳ್ಳಿಯ ಊರೆಗೋಲಿಗೆ ಮಾರಿದರು. ಸಾವಿರ ವರ್ಷದ ಮರಕ್ಕೆ ಬಂದ ಬೆಲೆ ಅದು.

ಹಾಗಾದರೆ ಉಳಿದ ಮರಗಳನ್ನು ಉಳಿಸಿದವರು ಯಾರು? ಮೊಮ್ಮಗಳಿಗೆ ನಾನು ಹೇಳಬೇಕೆಂದುಕೊಂಡದ್ದು ಇದು.

ವಾಲ್ಟರ್ ಫ್ರೈ ಎಂಬಾತ ಮರ ಕಡಿಯುವ ಕೂಲಿ. ಐದು ಜನ ಸೇರಿ ಐದು ದಿನ ಕಷ್ಟಪಟ್ಟು ಒಂದು ಮರ ಉರುಳಿಸಿದ ಮೇಲೆ ಆತ ಅದರ ವರ್ಷದ ಬಳೆಗಳನ್ನು ಎಣಿಸುತ್ತ ಕುಳಿತ. ಎಣಿಕೆ 3,266ಕ್ಕೆ ಬಂತು. ಆ ಕೆಲಸವನ್ನೇ ಬಿಟ್ಟ. ವೈಸೇಲಿಯಾ ಪಟ್ಟಣದ ಪತ್ರಿಕಾ ಸಂಪಾದಕ ಜಾರ್ಜ್ ಸ್ಟೂವರ್ಟ್ ಮತ್ತು ಗೆಳೆಯರು ಕಾಡಿನ ರಕ್ಷಣೆಗೆ ಹೋರಾಡುತ್ತಿದ್ದ ದಿನಗಳಲ್ಲಿ, ಉದ್ಯಾನ ಬೇಕೆಂಬ ಮನವಿಗೆ ಬಿದ್ದ ಮೂರನೆಯ ಸಹಿ ಈ ಫ್ರೈನದು. ಮುಂದೆ ಆತ ಇಲ್ಲಿ ಕಾವಲುಗಾರನಾಗಿ, 1914ರಲ್ಲಿ ಇಡೀ ಉದ್ಯಾನದ ಮೇಲಧಿಕಾರಿಯಾದ.

1903ರಲ್ಲಿ ಕಾಡು ಕಾಯಲು ಬಂದ ಕರಿಯ ಸೈನಿಕರ ತುಕಡಿಯ ಮುಖ್ಯಸ್ಥ ಕ್ಯಾಪ್ಟನ್ ಚಾರ್ಲ್ಸ್ ಯಂಗ್. ಗುಲಾಮಗಿರಿಯಲ್ಲಿ ಹುಟ್ಟಿದವರು. ಕವಿಯಾದ ಕಾರ್ಮಿಕರು ಅರ್ಧಕ್ಕೆ ಬಿಟ್ಟಿದ್ದ ರಸ್ತೆಯನ್ನು ಒಂದೇ ಬೇಸಿಗೆಯಲ್ಲಿ ಮರಗಳ ತನಕ ತಲುಪಿಸಿದರು. ಊರಿನವರು ಒಂದು ಮರಕ್ಕೆ ಅವರ ಹೆಸರಿಡಲು ಹೋದಾಗ, ಇಪ್ಪತ್ತು ವರ್ಷದ ಮೇಲೂ ಹಾಗೆಯೇ ಅನ್ನಿಸಿದರೆ ಇಡಿ ಎಂದು ತಡೆದರಂತೆ. ಆ ಹೆಸರು ಬಂದದ್ದು 2004ರಲ್ಲಿ. ನೂರು ವರ್ಷ ಬೇಕಾಯಿತು.

ಇನ್ನು ಹೆಂಗಸರು. ಕಾಡಿನ ತಾಯಿಯನ್ನು ಸುಲಿದ ಕ್ಯಾಲವೆರಸ್ ತೋಪು 1900ರಲ್ಲಿ ಮರದ ವ್ಯಾಪಾರಿಯ ಪಾಲಾಗುತ್ತದೆಂಬ ಸುದ್ದಿ ಬಂತು. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ಕ್ಲಬ್ ಎಂಬ ಮಹಿಳಾ ಸಮಾಜ, ಅದರ ಅಧ್ಯಕ್ಷೆ ಲಾರಾ ಲಯನ್ ವೈಟ್, ಸೆರಗು ಬಿಗಿದು ನಿಂತರು. ದೇಶದ ಮಹಿಳಾ ಸಂಘಗಳಿಗೆಲ್ಲ ಪತ್ರ ಬರೆದರು. 1904ರಲ್ಲಿ ಹತ್ತು ಲಕ್ಷಕ್ಕೂ ಮೀರಿದ ಸಹಿಗಳ ಮನವಿ ಅಧ್ಯಕ್ಷ ರೂಸ್ವೆಲ್ಟರ ಮುಂದೆ ಹೋಯಿತು. ಟೆಲಿಫೋನು ಮನೆಮನೆಗೆ ಬಾರದ ಕಾಲ. ಕ್ಯಾಲಿಫೋರ್ನಿಯಾದ ಹೆಂಗಸರಿಗೆ ಮತದ ಹಕ್ಕು ಬಂದದ್ದೇ 1911ರಲ್ಲಿ. ಓಟಿಲ್ಲದವರ ಮಾತಿಗೆ ಬೆಲೆ ಏನು ಎಂದು ಅವರು ಕೈಕಟ್ಟಿ ಕೂರಲಿಲ್ಲ. ವ್ಯಾಪಾರಿ ಕೊಡಲಿಲ್ಲ, ಸರ್ಕಾರ ಕೊಳ್ಳಲಿಲ್ಲ, ಆದರೆ ಇಷ್ಟು ಜನರ ಕಣ್ಣು ಬಿದ್ದ ಮೇಲೆ ಮರಕ್ಕೆ ಕೊಡಲಿಯೂ ಬೀಳಲಿಲ್ಲ. ತೋಪು ರಾಜ್ಯದ ಉದ್ಯಾನವಾದದ್ದು 1931ರಲ್ಲಿ. ಲಾರಾ ಅದಕ್ಕೆ ಹದಿನೈದು ವರ್ಷ ಮೊದಲೇ, 1916ರಲ್ಲಿ ತೀರಿಕೊಂಡಿದ್ದರು.

ನಾವು ನಡೆಯುತ್ತಿದ್ದ ಸಿಕೋಯಾ ಉದ್ಯಾನಕ್ಕೂ ಒಬ್ಬ ಹೆಂಗಸಿನ ಋಣವಿದೆ. ವೈಸೇಲಿಯಾದ ಸೂಸನ್ ಥ್ಯೂ 1923ರ ಬೇಸಿಗೆಯಲ್ಲಿ ಕುದುರೆ, ಹೇಸರಗತ್ತೆಗಳೊಂದಿಗೆ ಈ ಪರ್ವತಗಳ ಒಳಗೆ ಹೋಗಿ ನೂರಾರು ಮೈಲಿ ತಿರುಗಿ ಫೋಟೋ ತೆಗೆದರು. ಆಗ ಉದ್ಯಾನ ಚಿಕ್ಕದಾಗಿತ್ತು; ಎತ್ತರದ ಶಿಖರಗಳು, ಕಣಿವೆಗಳು ಅದರ ಹೊರಗಿದ್ದವು. ಆಕೆ ಆ ಫೋಟೋಗಳನ್ನು ಪುಸ್ತಕ ಮಾಡಿ ಸಂಸತ್ತಿನ ಸದಸ್ಯರಿಗೆ ಹಂಚಿದರು. 1926ರಲ್ಲಿ ಉದ್ಯಾನದ ಎಲ್ಲೆ ಹಿಗ್ಗಿತು. ಕುದುರೆಯೇರಿ ಕಾಡು ಹಾಳುಗೆಡವಿದವರ ಚಿತ್ರ ನಮ್ಮ ಪಠ್ಯಪುಸ್ತಕಗಳಲ್ಲಿ ಬೇಕಾದಷ್ಟಿದೆ. ಕುದುರೆಯೇರಿ ಕಾಡು ಉಳಿಸಿದವಳ ಚಿತ್ರ ನಾನು ಎಲ್ಲೂ ಕಂಡಿರಲಿಲ್ಲ.

ಉಳಿಸುವುದೂ ಕಲಿಯಬೇಕಾದ ವಿದ್ಯೆಯೇ. ಕೊಡಲಿಯಿಂದ ಕಾಪಾಡಿದವರು ಬೆಂಕಿಯಿಂದಲೂ ಕಾಪಾಡಬೇಕೆಂದುಕೊಂಡರು. ಅದು ಸಹಜ. ದಶಕಗಟ್ಟಲೆ ಎಲ್ಲಿ ಹೊಗೆ ಕಂಡರೂ ಆರಿಸಿದರು. ಆದರೆ 1960ರ ದಶಕದಲ್ಲಿ ನೋಡಿದರೆ, ಮುದಿಮರಗಳೇನೋ ಇವೆ, ಸಸಿಗಳೇ ಇಲ್ಲ! ರಿಚರ್ಡ್ ಹಾರ್ಟೆಸ್ವೆಲ್ಟ್ ಮೊದಲಾದ ವಿಜ್ಞಾನಿಗಳು ಕಾರಣ ಕಂಡುಹಿಡಿದರು. ಈ ಮಹಾವೃಕ್ಷದ ಕಾಯಿ ಕೋಳಿಮೊಟ್ಟೆಯಷ್ಟು. ಒಳಗಿನ ಬೀಜ ಅವಲಕ್ಕಿಯ ಚೂರಿನಷ್ಟು ಹಗುರ. ಕಾಯಿ ಕೊಂಬೆಯಲ್ಲಿ ಹತ್ತಿಪ್ಪತ್ತು ವರ್ಷ ಬಾಯಿ ಮುಚ್ಚಿಕೊಂಡು ಕೂರಬಲ್ಲದು. ಕೆಳಗೆ ಸಣ್ಣ ಬೆಂಕಿ ಹಾದಾಗ ಶಾಖಕ್ಕೆ ಬಾಯಿಬಿಟ್ಟು, ತರಗು ಸುಟ್ಟು ಬರಿದಾದ ನೆಲದ ಮೇಲೆ ಬೀಜ ಸುರಿಸುತ್ತದೆ. ತಾಯಿಮರಕ್ಕೆ ಏನೂ ಆಗದು, ಅದರ ತೊಗಟೆಯೇ ಮೊಳದಷ್ಟು ದಪ್ಪ. ಇಲ್ಲಿಯ ಬುಡಕಟ್ಟಿನವರು ಕಾಲಕಾಲಕ್ಕೆ ಕಾಡಿನ ತರಗಿಗೆ ತಾವೇ ಬೆಂಕಿ ಇಡುತ್ತಿದ್ದರು. ಒರಳು ಕುಟ್ಟಿದ ಆ ಮನೆತನಗಳಿಗೆ ಗೊತ್ತಿದ್ದದ್ದು, ಅವರು ಹೋದ ನೂರು ವರ್ಷದ ಮೇಲೆ ಸಂಶೋಧನೆಯಾಗಿ ಹೊರಬಂತು. ಅಂದಿನಿಂದ ಅಧಿಕಾರಿಗಳೇ ಲೆಕ್ಕ ಹಾಕಿ ಸಣ್ಣ ಬೆಂಕಿ ಹಚ್ಚುತ್ತಾರೆ. ಮರಗಳ ಬೇರಿನ ಮೇಲೆಯೇ ಎದ್ದಿದ್ದ ಹೋಟೆಲು, ಅಂಗಡಿ, ವಸತಿಗಳನ್ನೂ 1990ರ ದಶಕದ ಕೊನೆಯಲ್ಲಿ ಕಿತ್ತರು. 280ಕ್ಕೂ ಹೆಚ್ಚು ಕಟ್ಟಡಗಳು.

ಆದರೂ ತಡವಾಗಿತ್ತು. ಇಷ್ಟು ವರ್ಷ ಸೇರಿದ ತರಗು, ಬರಗಾಲ, ಏರುತ್ತಿರುವ ಬಿಸಿಲು ಎಲ್ಲ ಕೂಡಿ 2020ರಲ್ಲಿ, 2021ರಲ್ಲಿ ಎದ್ದ ಕಾಳ್ಗಿಚ್ಚುಗಳು ಸಣ್ಣವಾಗಿರಲಿಲ್ಲ. ಪ್ರಪಂಚದಲ್ಲಿದ್ದ ದೊಡ್ಡ ಸಿಕೋಯಾ ಮರಗಳಲ್ಲಿ ನೂರಕ್ಕೆ 13ರಿಂದ 19ರಷ್ಟು ಆ ಎರಡು ವರ್ಷಗಳಲ್ಲೇ ಹೋದವೆಂದು ಅಂದಾಜು. 2021ರ ಸೆಪ್ಟೆಂಬರಿನಲ್ಲಿ ಬೆಂಕಿ ಹತ್ತಿರ ಬಂದಾಗ ಕಾವಲುಗಾರರು ಶೆರ್ಮನ್ ಮರದ ಬುಡಕ್ಕೆ ಬೆಂಕಿ ತಡೆಯುವ ಬೆಳ್ಳಿಬಣ್ಣದ ಹೊದಿಕೆ ಸುತ್ತಿದರು. ನಾನು ಲೆಕ್ಕ ಹಾಕಿದ್ದ ಆರು ಸೀರೆಯನ್ನು ಅವರು ನಿಜವಾಗಿಯೇ ಉಡಿಸಿದ್ದರು. ಮರ ಉಳಿಯಿತು.

ಸುತ್ತುದಾರಿಯ ಕೊನೆಯಲ್ಲಿ ಮಗಳು ಕರಿದು ನಿಂತ ಒಂದು ಕಾಂಡದ ಪಕ್ಕ ಬಗ್ಗಿ, “ಅಮ್ಮ, ಇಲ್ಲಿ ನೋಡು” ಎಂದಳು. ಬೂದಿ ಕಲೆತ ಮಣ್ಣಿನಲ್ಲಿ ಗೇಣುದ್ದದ ಹಸಿರು ಸಸಿಗಳು. ಮೊಮ್ಮಗಳು ಅವಕ್ಕೆ ಏನು ಹೆಸರಿಡೋಣ ಎಂದಳು. ಅವಳಿಗೆ ನಾನು ಸಾಲುಮರದ ತಿಮ್ಮಕ್ಕನ ಕಥೆ ಹೇಳಿದೆ. ಮಾಗಡಿ ಕಡೆಯ ಹುಲಿಕಲ್ಲಿನಲ್ಲಿ ಆಕೆ, ಆಕೆಯ ಗಂಡ ಚಿಕ್ಕಯ್ಯ, ಬಿಂದಿಗೆಯಲ್ಲಿ ನೀರು ಹೊತ್ತು ರಸ್ತೆ ಬದಿಯಲ್ಲಿ 385 ಆಲದ ಮರ ಬೆಳೆಸಿದ ಕಥೆ. ಕ್ಯಾಲಿಫೋರ್ನಿಯಾದಲ್ಲೇ ಒಂದು ಪರಿಸರ ಶಿಕ್ಷಣ ಸಂಸ್ಥೆ ತಿಮ್ಮಕ್ಕನ ಹೆಸರು ಇಟ್ಟುಕೊಂಡ ವಿಷಯವನ್ನೂ ಹೇಳಿದೆ. ಹೇಳುತ್ತಿದ್ದಾಗ ನನಗೇ ಹೊಳೆಯಿತು. ಈ ಕಾಡಿನಲ್ಲಿ ಮನುಷ್ಯರ ಹೆಸರನ್ನು ಮರಗಳಿಗೆ ಕೊಟ್ಟಿದ್ದಾರೆ. ನಮ್ಮ ಜನ ಮರದ ಹೆಸರನ್ನು ಒಬ್ಬ ಹೆಂಗಸಿಗೆ ಕೊಟ್ಟರು. ‘ಸಾಲುಮರದ’ ಎಂಬುದು ತಿಮ್ಮಕ್ಕ ಹುಟ್ಟಿದ ಮನೆಯದಲ್ಲ, ಸೇರಿದ ಮನೆಯದೂ ಅಲ್ಲ; ದುಡಿದು ಪಡೆದದ್ದು.

ಮೊಮ್ಮಗಳು ಸ್ವಲ್ಪ ಯೋಚಿಸಿ, “ಹಾಗಾದರೆ ಇವಕ್ಕೆ ಹೆಸರು ಬೇಡ ಅಜ್ಜಿ, ಮೊದಲು ದೊಡ್ಡವಾಗಲಿ” ಎಂದಳು. ಅವು ದೊಡ್ಡವಾಗಲು ಸಾವಿರ ವರ್ಷ ಬೇಕು. ಅಷ್ಟು ವರ್ಷವೂ ಯಾರಾದರೂ ಒಬ್ಬರು ಅವುಗಳ ಬಳಿ ನಿಂತು ಕಾಯುತ್ತಿರಬೇಕು. ಹೆಸರು ಯಾರದಾದರೂ ಇರಲಿ.